ರೋಗವಿಲ್ಲದ ಹಕ್ಕಿಯೂ ಬರುವ ಆಸ್ಪತ್ರೆ

ಅಬುಧಾಬಿ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲೇ, ನಗರದ ಗದ್ದಲದಿಂದ ಹೊರಗೆ, ಡೇಗೆಗಳಿಗೆಂದೇ ಕಟ್ಟಿದ ಆಸ್ಪತ್ರೆಯೊಂದಿದೆ. 1999ರ ಅಕ್ಟೋಬರ್‌ನಲ್ಲಿ ಆರಂಭವಾದ ಅಬುಧಾಬಿ ಫಾಲ್ಕನ್ ಆಸ್ಪತ್ರೆಗೆ ಈಗ ವರ್ಷಕ್ಕೆ 11,000ಕ್ಕೂ ಹೆಚ್ಚು ಡೇಗೆಗಳು ಬರುತ್ತವೆ. 2001ರಲ್ಲಿ ಇದರ ಹೊಣೆ ಹೊತ್ತ ಜರ್ಮನಿಯ ಪಶುವೈದ್ಯೆ ಡಾ. ಮಾರ್ಗಿಟ್ ಮುಲ್ಲರ್ ಅವರ ಕಾಲದಲ್ಲಿ ಅದು ಜಗತ್ತಿನ ಅತಿ ದೊಡ್ಡ ಡೇಗೆ ಆಸ್ಪತ್ರೆಯೆಂದು ಹೆಸರಾಯಿತು. 2007ರಿಂದ ಸಾರ್ವಜನಿಕರೂ ಮುಂಚಿತವಾಗಿ ತಿಳಿಸಿ ಒಳಗೆ ಹೋಗಿ ನೋಡಬಹುದು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋಗಿ ಎಮಿರೇಟ್ಸ್‌ನಲ್ಲಿ ನೆಲೆಸಿದ ಕನ್ನಡಿಗರು ಊರಿಂದ ಬಂದ ನೆಂಟರಿಗೆ ತೋರಿಸಬೇಕಾದ ಜಾಗಗಳಲ್ಲಿ ಇದೂ ಒಂದು. ಒಳಗೆ ಕಾಲಿಟ್ಟರೆ ಮೊದಲು ಸಿಗುವುದು ಕಾಯುವ ಕೋಣೆ. ಕೃತಕ ಹುಲ್ಲು ಹೊದಿಸಿದ ಉದ್ದನೆಯ ಅಡ್ಡೆಗಳ ಮೇಲೆ ಡೇಗೆಗಳು ಸಾಲಾಗಿ ಕೂತಿರುತ್ತವೆ. ಪ್ರತಿಯೊಂದರ ತಲೆಗೂ ಅರಬ್ಬರು ಬುರ್ಖಾ ಎನ್ನುವ ಚರ್ಮದ ಟೊಪ್ಪಿಗೆ. ಕಣ್ಣು ಮರೆಯಾದರೆ ಹಕ್ಕಿಗೆ ಗಾಬರಿಯಿಲ್ಲ, ಪಕ್ಕದ ಹಕ್ಕಿಯ ಮೇಲೆ ಎರಗುವ ಯೋಚನೆಯೂ ಇಲ್ಲ. ಆದರೆ ಈ ಸಾಲಿನಲ್ಲಿ ಕೂತವುಗಳಲ್ಲಿ ಬಹಳಷ್ಟಕ್ಕೆ ಕಾಯಿಲೆಯೇ ಇರುವುದಿಲ್ಲ. ಒಂದನ್ನು ಕೊಳ್ಳುವ ಮುಂಚೆ ತಪಾಸಣೆಗೆ ತಂದಿರುತ್ತಾರೆ. ಇನ್ನೊಂದು ಬೇಟೆಯ ಕಾಲ ಶುರುವಾಗುವ ಮೊದಲಿನ ವಾರ್ಷಿಕ ಪರೀಕ್ಷೆಗೆ, ಮತ್ತೊಂದು ಬೆಳೆದ ಉಗುರು ತಿದ್ದಿಸಿಕೊಳ್ಳುವುದಕ್ಕೆ, ಮಗದೊಂದು ಮುರಿದ ಗರಿ ಕೂಡಿಸಿಕೊಳ್ಳುವುದಕ್ಕೆ ಬಂದಿರುತ್ತದೆ.

ಬೇಟೆಹಕ್ಕಿಗಳ ವೈದ್ಯಕೀಯ ನಿಂತಿರುವುದೇ ಈ ರೋಗವಿಲ್ಲದ ಹಕ್ಕಿಗಳ ಮೇಲೆ ಎಂಬುದು ಈ ಲೇಖನದ ವಾದ. ಕಾಡಿನ ಹಕ್ಕಿ ಮನುಷ್ಯನ ಕೈಗೆ ಸಿಗುವುದು ರೆಕ್ಕೆ ಮುರಿದಾಗ, ವಿಷ ತಿಂದಾಗ, ಹಸಿವಿನಿಂದ ನೆಲಕ್ಕೆ ಬಿದ್ದಾಗ. ಅದರ ರಕ್ತದಲ್ಲಿ ಏನೇನು ಎಷ್ಟೆಷ್ಟು ಎಂದು ಅಳೆಯಬಹುದು. ಆದರೆ ಆ ಅಂಕಿಗಳು ಸರಿಯೋ ತಪ್ಪೋ ಎಂದು ಹೇಳಬೇಕಾದರೆ, ಅದೇ ಜಾತಿಯ ಆರೋಗ್ಯವಂತ ಹಕ್ಕಿಯಲ್ಲಿ ಅವು ಎಷ್ಟಿರುತ್ತವೆ ಎಂದು ಮೊದಲೇ ಗೊತ್ತಿರಬೇಕು. ಆರೋಗ್ಯವಂತ ಕಾಡುಹಕ್ಕಿ ಯಾವ ವೈದ್ಯರ ಮೇಜಿಗೂ ತಾನಾಗಿ ಬರುವುದಿಲ್ಲ. ಒಡೆಯನಿರುವ ಹಕ್ಕಿ ಮಾತ್ರ ಬರುತ್ತದೆ, ವರ್ಷಕ್ಕೆರಡು ಬಾರಿ ಬರುತ್ತದೆ, ಹತ್ತಾರು ವರ್ಷ ಬರುತ್ತಲೇ ಇರುತ್ತದೆ. ಹೀಗೆ ಕೊಲ್ಲಿಯ ಶ್ರೀಮಂತರ ಹವ್ಯಾಸದಿಂದ ಹುಟ್ಟಿದ ಆಸ್ಪತ್ರೆಗಳಲ್ಲಿ, ಯಾವ ಒಡೆಯನೂ ಇಲ್ಲದ ಹಕ್ಕಿಗಳನ್ನು ಬದುಕಿಸಬಲ್ಲ ತಿಳಿವಳಿಕೆ ಶೇಖರವಾಗಿದೆ. ಆ ತಿಳಿವಳಿಕೆ ಒಡೆಯರಿಲ್ಲದ ಹಕ್ಕಿಗಳವರೆಗೆ ತಲುಪುತ್ತದೆಯೇ ಎಂಬುದೇ ಇಂಥ ಆಸ್ಪತ್ರೆಯ ಬೆಲೆ ಕಟ್ಟುವ ನಿಜವಾದ ಅಳತೆ.

ಮೊದಲು ಹಕ್ಕಿಗೆ ಬೇರೆಯೇ ಆಸ್ಪತ್ರೆ ಏಕೆ ಬೇಕು ಎಂಬುದನ್ನು ನೋಡೋಣ. ಹಕ್ಕಿಯ ದೇಹ ನಾಯಿ, ದನಗಳ ದೇಹದ ಸಣ್ಣ ರೂಪವಲ್ಲ. ಅದಕ್ಕೆ ನಮಗಿರುವಂಥ ವಪೆ ಇಲ್ಲ. ಶ್ವಾಸಕೋಶ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಪಕ್ಕೆಲುಬುಗಳಿಗೆ ಅಂಟಿಕೊಂಡು ನಿಂತಿರುತ್ತದೆ. ಗಾಳಿಯನ್ನು ಅದರ ಮೂಲಕ ಒಂದೇ ದಿಕ್ಕಿಗೆ ಹಾಯಿಸುವ ಕೆಲಸ ಮೈಯೊಳಗೆ ಹರಡಿಕೊಂಡ ತೆಳು ಗಾಳಿಚೀಲಗಳದ್ದು. ಸಾಮಾನ್ಯವಾಗಿ ಅವು ಒಂಬತ್ತು. ಎದೆಯೆಲುಬು ಮುಂದೆ ಹಿಂದೆ ಸರಿದರಷ್ಟೇ ಉಸಿರಾಟ. ಹಾಗಾಗಿ ಹಕ್ಕಿ ತಪ್ಪಿಸಿಕೊಳ್ಳದಿರಲಿ ಎಂದು ಅದರ ಎದೆಯನ್ನು ಬಿಗಿಯಾಗಿ ಹಿಡಿದರೆ, ಬಾಯಿ ಮೂಗು ಮುಕ್ತವಾಗಿದ್ದರೂ ಅದು ಉಸಿರುಕಟ್ಟಿ ಸಾಯಬಹುದು. ಗಾಳಿಚೀಲಗಳು ಕೆಲವು ಎಲುಬುಗಳ ಒಳಗೂ ಚಾಚಿಕೊಂಡಿವೆ. ರೆಕ್ಕೆಯ ಬುಡದ ಎಲುಬು ಮುರಿದು ಚರ್ಮದಿಂದ ಹೊರಬಂದಿದ್ದರೆ, ಗಾಯ ತೊಳೆಯಲು ಸುರಿದ ನೀರು ನೇರವಾಗಿ ಉಸಿರಾಟದ ದಾರಿಗೆ ಇಳಿಯುವ ಅಪಾಯವಿದೆ. ಮಮತೆಯಿಂದ ಮಾಡಿದ ಪ್ರಥಮ ಚಿಕಿತ್ಸೆಯೇ ಪ್ರಾಣ ತೆಗೆಯಬಹುದಾದ ದೇಹ ಇದು. ಬೇಟೆಯಾಡಿ ಬದುಕುವ ಹಕ್ಕಿಯ ಮಟ್ಟಿಗೆ ಇನ್ನೂ ಒಂದು ಕಟ್ಟುಪಾಡಿದೆ. ಕಾಲು ಊನವಾದ ಹಸು ಹಟ್ಟಿಯಲ್ಲಿ ಬದುಕೀತು. ರೆಕ್ಕೆಯ ಎಲುಬು ಕೂಡಿಕೊಂಡರೂ ಒಂದಿಷ್ಟು ಓರೆಯಾಗಿ ಕೂಡಿದ ಡೇಗೆ ಬೇಟೆಯಾಡಲಾರದು, ಬೇಟೆಯಾಡಲಾಗದ ಡೇಗೆ ಬಯಲಿನಲ್ಲಿ ಬದುಕಲಾರದು. ಹಕ್ಕಿಯ ಮೂಳೆ ಮೂರು ವಾರಗಳ ಆಸುಪಾಸಿನಲ್ಲಿ ಕೂಡಿಕೊಳ್ಳುತ್ತದೆ. ಅಷ್ಟು ದಿನ ರೆಕ್ಕೆಯನ್ನು ಸುಮ್ಮನೆ ಕಟ್ಟಿಟ್ಟರೆ ಅದರ ಮುಂಬದಿಯ ಚರ್ಮ ಬಿಗಿದುಕೊಂಡು ರೆಕ್ಕೆ ಪೂರ್ತಿ ಬಿಚ್ಚುವುದೇ ಇಲ್ಲ. ಅರ್ಧ ವಾಸಿ ಎಂಬುದಕ್ಕೆ ಇಲ್ಲಿ ಅರ್ಥವಿಲ್ಲ.

ಇದಕ್ಕಿಂತ ದೊಡ್ಡ ತೊಡಕು, ಹಕ್ಕಿ ತನ್ನ ಕಾಯಿಲೆಯನ್ನು ಬಚ್ಚಿಡುವುದು. ಸೊರಗಿದವನನ್ನು ಬೇರೆ ಪ್ರಾಣಿ ಗುರುತಿಸಿ ಕೊಲ್ಲುವ ಲೋಕದಲ್ಲಿ ಬೆಳೆದುಬಂದ ಜೀವ ಅದು. ಅದು ರೆಪ್ಪೆ ಜೋಲಿಸಿ, ಗರಿ ಕೆದರಿ ಕೂರುವ ಹೊತ್ತಿಗೆ ರೋಗ ಬಹುದೂರ ಹೋಗಿರುತ್ತದೆ. ಆಸ್ಪರ್‌ಜಿಲ್ಲಸ್ ಎಂಬ ಬೂಷ್ಟಿನಿಂದ ಬರುವ ರೋಗ ಡೇಗೆಗಳ ಮಾರಕ ರೋಗಗಳಲ್ಲಿ ಮುಖ್ಯವಾದದ್ದು. ಬೂಷ್ಟಿನ ಕಣಗಳು ಉಸಿರಿನ ಜೊತೆ ಒಳಹೋಗಿ, ರಕ್ತದ ಹರಿವು ತೀರಾ ಕಡಿಮೆಯಿರುವ ಗಾಳಿಚೀಲದ ಗೋಡೆಯಲ್ಲಿ ಬೇರೂರುತ್ತವೆ. ರಕ್ತ ಹರಿಯದ ಕಡೆಗೆ ಮೈಯ ಕಾವಲು ಪಡೆಯೂ ಸುಲಭವಾಗಿ ತಲುಪದು, ಔಷಧಿಯೂ ತಲುಪದು. ಉತ್ತರ ಧ್ರುವದ ಹಿಮಸೀಮೆಗೆ ಹುಟ್ಟಿದ ಜರ್ ಡೇಗೆ ಕೊಲ್ಲಿಯ ಸೆಖೆಗೆ ಬಂದಾಗ ಈ ರೋಗಕ್ಕೆ ಬೇಗ ತುತ್ತಾಗುತ್ತದೆ. ಎದುರಿಗೆ ಕೂತ ಹಕ್ಕಿ ಮಾಂಸ ತಿನ್ನುತ್ತಿದೆ, ಹಾರುತ್ತಿದೆ. ಒಳಗೆ ಬೂಷ್ಟು ಹಬ್ಬುತ್ತಿದೆ. ಹೊರಗಿನ ಗುರುತುಗಳನ್ನು ನೆಚ್ಚಿ ಕೂತ ವೈದ್ಯರು ಇಂಥ ಹಕ್ಕಿಯನ್ನು ಉಳಿಸಲಾರರು. ಹಕ್ಕಿ ಚೆನ್ನಾಗಿದ್ದಾಗಲೇ ನೋಡಿ ಬರೆದಿಟ್ಟುಕೊಂಡ ಲೆಕ್ಕಕ್ಕೂ ಇವತ್ತಿನ ಲೆಕ್ಕಕ್ಕೂ ನಡುವಿನ ಸಣ್ಣ ವ್ಯತ್ಯಾಸವೊಂದೇ ಇಲ್ಲಿ ದಾರಿ ತೋರಿಸಬಲ್ಲದು.

ಅಬುಧಾಬಿಯ ಆಸ್ಪತ್ರೆಯ ದಿನಚರಿ ಈ ಲೆಕ್ಕ ಇಡುವುದರ ಸುತ್ತಲೇ ಹೆಣೆದುಕೊಂಡಿದೆ. ಹಕ್ಕಿಯ ಟೊಪ್ಪಿಗೆ ತೆಗೆದು, ಮುಖಕ್ಕೆ ಪುಟ್ಟ ಮುಖವಾಡ ಹಿಡಿದು ಐಸೊಫ್ಲುರೇನ್ ಎಂಬ ಅರಿವಳಿಕೆ ಅನಿಲ ಕೊಡುತ್ತಾರೆ. ಒಮ್ಮುಖವಾಗಿ ಗಾಳಿ ಹಾಯುವ ಶ್ವಾಸಕೋಶದಿಂದಾಗಿ ಅದು ಬೇಗ ನಿದ್ದೆಹೋಗುತ್ತದೆ, ಅನಿಲ ನಿಲ್ಲಿಸಿದರೆ ಅಷ್ಟೇ ಬೇಗ ಎಚ್ಚರಗೊಳ್ಳುತ್ತದೆ. ಆ ನಡುವಿನ ಹೊತ್ತಿನಲ್ಲಿ ಬಾಯಿ, ಗಂಟಲಚೀಲ, ಕಣ್ಣು, ಪಾದಗಳನ್ನು ನೋಡುತ್ತಾರೆ, ತೂಕ ಹಾಕುತ್ತಾರೆ, ಒಂದಿಷ್ಟು ರಕ್ತ ತೆಗೆಯುತ್ತಾರೆ, ಬೇಕಾದರೆ ಎಕ್ಸ್-ರೇ ತೆಗೆಯುತ್ತಾರೆ, ಎಂಡೊಸ್ಕೋಪ್ ಇಳಿಸಿ ಗಾಳಿಚೀಲದ ಗೋಡೆಯನ್ನು ಕಣ್ಣಾರೆ ಕಾಣುತ್ತಾರೆ. ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹುಳುಗಳ ಮೊಟ್ಟೆ ಹುಡುಕುತ್ತಾರೆ. ಒಂದೇ ಸಮ ಅಡ್ಡೆಯ ಮೇಲೆ ಕೂತು ಪಾದ ಬಾತು ಕೀವಾಗುವುದು ಸಾಕಿದ ಡೇಗೆಗಳ ಹಳೆಯ ಪೀಡೆ. ಕಾಯುವ ಕೋಣೆಯ ಅಡ್ಡೆಗಳಿಗೆ ಹುಲ್ಲಿನಂಥ ಹೊದಿಕೆ ಹಾಕಿರುವುದು ಪಾದದ ಭಾರ ಒಂದೇ ಕಡೆ ಬೀಳದಿರಲೆಂದು. ಉದುರಿದ ಗರಿಗಳನ್ನು ಜಾತಿ, ಬಣ್ಣ, ಅಳತೆಗಳ ಪ್ರಕಾರ ಖಾನೆಗಳಲ್ಲಿ ಕೂಡಿಟ್ಟಿರುತ್ತಾರೆ. ಮುರಿದ ಗರಿಯ ಬುಡಕ್ಕೆ ಸಣ್ಣ ಕಡ್ಡಿ ತೂರಿಸಿ ಹೊಂದುವ ಗರಿಯನ್ನು ಅಂಟಿಸಿದರೆ, ಮುಂದಿನ ಬಾರಿ ಗರಿ ಬದಲಾಗುವವರೆಗೂ ಹಾರಾಟಕ್ಕೆ ಕುಂದಿಲ್ಲ. ಪ್ರತಿ ಹಕ್ಕಿಗೂ ಕಾಲುಂಗುರ ಅಥವಾ ಮೈಕ್ರೋಚಿಪ್ ಇದೆ, ಅದರದೇ ಹೆಸರಿನ ಕಡತವಿದೆ. 2002ರಿಂದ ಡೇಗೆಗಳಿಗೆ ಪಾಸ್‌ಪೋರ್ಟ್ ಕೊಡುವ ಪದ್ಧತಿಯನ್ನೂ ಎಮಿರೇಟ್ಸ್ ಜಾರಿಗೆ ತಂದಿದೆ.

ಹೀಗೆ ಲೆಕ್ಕ ಇಡುವುದರಿಂದ ಎಂಥ ತಿಳಿವಳಿಕೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಹಕ್ಕಿಗಳು ಮೈಯ ಕಶ್ಮಲವನ್ನು ಯೂರಿಕ್ ಆಮ್ಲದ ರೂಪದಲ್ಲಿ ಹೊರಹಾಕುತ್ತವೆ. ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗ ಅದೇ. ರಕ್ತದಲ್ಲಿ ಅದರ ಪ್ರಮಾಣ ಏರಿದ್ದರೆ ಮೂತ್ರಪಿಂಡ ಸೋಲುತ್ತಿದೆ ಎಂದು ವೈದ್ಯರು ಲೆಕ್ಕ ಹಾಕುವುದು ಸಹಜ. ಆದರೆ ಆರೋಗ್ಯವಂತ ಪೆರಿಗ್ರಿನ್ ಡೇಗೆಗಳ ರಕ್ತವನ್ನು ಊಟಕ್ಕೆ ಮುಂಚೆ, ಊಟವಾದ ಮೇಲೆ ಹೊತ್ತು ಹೊತ್ತಿಗೆ ಅಳೆದು ನೋಡಿದಾಗ, ಹೊಟ್ಟೆ ತುಂಬ ಮಾಂಸ ತಿಂದ ಮೇಲೆ ಯಾವ ರೋಗವೂ ಇಲ್ಲದ ಹಕ್ಕಿಯಲ್ಲಿಯೂ ಯೂರಿಕ್ ಆಮ್ಲ ಬಹಳ ಮೇಲೇರುವುದು ಕಂಡುಬಂತು. ಇದು ಗೊತ್ತಿಲ್ಲದಿದ್ದರೆ ಉಂಡು ತೃಪ್ತವಾಗಿ ಬಂದ ಹಕ್ಕಿಗೆ ಮೂತ್ರಪಿಂಡದ ಚಿಕಿತ್ಸೆ ನಡೆಯುತ್ತಿತ್ತು. ರೋಗಿಷ್ಟ ಹಕ್ಕಿಗಳನ್ನಷ್ಟೇ ಎಷ್ಟು ಸಾವಿರ ಪರೀಕ್ಷಿಸಿದ್ದರೂ ಈ ಸತ್ಯ ಹೊರಬರುತ್ತಿರಲಿಲ್ಲ. ಸುಮ್ಮನೆ ಕೂತು ಉಣ್ಣುವ, ಮತ್ತೆ ಮತ್ತೆ ರಕ್ತ ಕೊಡುವ, ಮನುಷ್ಯರ ಕೈಗೆ ಒಗ್ಗಿದ ಗಟ್ಟಿಮುಟ್ಟಾದ ಹಕ್ಕಿಯಿಂದ ಮಾತ್ರ ಅದು ಸಿಗಲು ಸಾಧ್ಯ.

ಹಕ್ಕಿ ಚೆನ್ನಾಗಿರುವಾಗಲೇ ಗಮನಿಸುವ ಈ ಅಭ್ಯಾಸ ಆಧುನಿಕ ಉಪಕರಣಗಳಿಂದ ಬಂದದ್ದಲ್ಲ. ಡೇಗೆಗಳ ಪಾಲನೆ, ರೋಗ, ಮದ್ದುಗಳ ಬಗ್ಗೆ ಅರಬ್ಬಿಯಲ್ಲಿ ಎಂಟನೆಯ ಶತಮಾನದಷ್ಟು ಹಿಂದೆಯೇ ಬರವಣಿಗೆ ಇದೆ. ನಮ್ಮ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ಗಿಡುಗ ಡೇಗೆಗಳ ಬೇಟೆಗೆ ಒಂದು ವಿನೋದವೇ ಮೀಸಲಾಗಿದೆ. ದಿನವೂ ಹಕ್ಕಿಯನ್ನು ಮುಂಗೈ ಮೇಲೆ ಹೊತ್ತು ತಿರುಗುವವನಿಗೆ ಅದರ ತೂಕದಲ್ಲಿ ತುಸು ವ್ಯತ್ಯಾಸವಾದರೂ ತಿಳಿಯುತ್ತದೆ. ಹಿಕ್ಕೆಯ ಬಿಳಿ ಹಸಿರಿಗೆ ತಿರುಗಿದರೆ, ಅರಗದ ಗರಿಗಳ ಗುಳಿಗೆ ಕಾರುವ ಹೊತ್ತು ತಪ್ಪಿದರೆ, ಅವನಿಗೆ ಅನುಮಾನ ಬರುತ್ತದೆ. ಡೇಗೆ ಆಸ್ಪತ್ರೆಗಳು ಈ ಕಣ್ಣಳತೆಗೆ ಪ್ರಯೋಗಾಲಯದ ಅಳತೆಯನ್ನು ಜೋಡಿಸಿದವು. 1980ರ ದಶಕದಿಂದ ದುಬೈ, ಆಮೇಲೆ ಅಬುಧಾಬಿ, ದೋಹಾಗಳಲ್ಲಿ ತಲೆಯೆತ್ತಿದ ಇಂಥ ಆಸ್ಪತ್ರೆಗಳು ಹಳೆಯ ಪಾಲಕರ ಜಾಣ್ಮೆಯನ್ನು ಮುಂದುವರಿಸಿದವೇ ಹೊರತು ಅಳಿಸಿಹಾಕಲಿಲ್ಲ.

ಈಗ ವಾದದ ಎರಡನೆಯ ಅರ್ಧಕ್ಕೆ ಬರೋಣ. ಸಾಕಿದ ಹಕ್ಕಿಯಿಂದ ಕಲಿತದ್ದು ಕಾಡಿನ ಹಕ್ಕಿಗೆ ತಲುಪಿದೆಯೇ? ತಲುಪಿದೆ, ಅದೂ ಎರಡು ಬಾರಿ ಇಡೀ ಸಂತತಿಗಳು ಅಳಿವಿನ ಅಂಚಿಗೆ ಬಂದು ನಿಂತಾಗ. ಎರಡನೆಯ ಮಹಾಯುದ್ಧದ ನಂತರ ಯುರೋಪು, ಅಮೆರಿಕಗಳಲ್ಲಿ ಪೆರಿಗ್ರಿನ್ ಡೇಗೆಗಳು ಕಣ್ಮರೆಯಾಗತೊಡಗಿದವು. ಬ್ರಿಟನ್ನಿನ ಡೆರೆಕ್ ರಾಟ್‌ಕ್ಲಿಫ್ ಸಂಗ್ರಹಾಲಯಗಳಲ್ಲಿಯೂ ಖಾಸಗಿಯವರ ಬಳಿಯಲ್ಲಿಯೂ ಇದ್ದ ಹಳೆಯ ಮೊಟ್ಟೆಗಳ ಚಿಪ್ಪನ್ನು ಹೊಸ ಮೊಟ್ಟೆಗಳ ಚಿಪ್ಪಿನ ಜೊತೆ ತೂಗಿ ನೋಡಿ, 1940ರ ದಶಕದ ಕೊನೆಯಿಂದ ಚಿಪ್ಪು ತೆಳುವಾಗುತ್ತ ಬಂದಿರುವುದನ್ನು 1967ರಲ್ಲಿ ಪ್ರಕಟಿಸಿದರು. ಡಿಡಿಟಿ ಎಂಬ ಕೀಟನಾಶಕದ ಮೇಲಿನ ಆರೋಪ ಗಟ್ಟಿಯಾದದ್ದು ಇದರಿಂದ. ಯಾವ ತೊಂದರೆಯೂ ಇಲ್ಲದ ಕಾಲದ ಮೊಟ್ಟೆಗಳನ್ನು ಯಾರೋ ಆಸೆಯಿಂದ ಕೂಡಿಟ್ಟಿರದಿದ್ದರೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಸ್ವತಃ ಡೇಗೆ ಪಾಲಕರಾಗಿದ್ದ ಪ್ರೊಫೆಸರ್ ಟಾಮ್ ಕೇಡ್ 1970ರಲ್ಲಿ ಪೆರಿಗ್ರಿನ್ ಫಂಡ್ ಕಟ್ಟಿ, ಪಾಲಕರ ತಲೆತಲಾಂತರದ ಕೈಚಳಕ ಬಳಸಿ ಸೆರೆಯಲ್ಲಿ ಮರಿ ಮಾಡಿಸಿ, ಸಾವಿರಾರು ಹಕ್ಕಿಗಳನ್ನು ಬಯಲಿಗೆ ಬಿಟ್ಟರು. 1999ರಲ್ಲಿ ಅಮೆರಿಕದ ಅಪಾಯದ ಪಟ್ಟಿಯಿಂದ ಪೆರಿಗ್ರಿನ್ ಹೊರಬಂತು.

ಎರಡನೆಯದು ನಮ್ಮ ನೆಲದ ಕಥೆ. 1990ರ ದಶಕದಲ್ಲಿ ಭಾರತ, ಪಾಕಿಸ್ತಾನ, ನೇಪಾಳಗಳ ರಣಹದ್ದುಗಳು ಸತ್ತು ಬೀಳತೊಡಗಿದವು. 1992ರಿಂದ 2007ರ ನಡುವೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ಶೇ 99.9ರಷ್ಟು ಇಲ್ಲವಾದವು. ಸೋಂಕು ರೋಗವಿರಬಹುದೆಂದು ಬಹಳ ಕಾಲ ಹುಡುಕಾಟ ನಡೆಯಿತು. ಕಾರಣ ಕಂಡುಹಿಡಿದದ್ದು ಪೆರಿಗ್ರಿನ್ ಫಂಡ್ ಪಾಕಿಸ್ತಾನದಲ್ಲಿ ನಡೆಸಿದ ತನಿಖೆ. ಅದರ ಮುಂಚೂಣಿಯಲ್ಲಿದ್ದ ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಕೂಡ ಡೇಗೆ ಪಾಲಕರೇ. ಸತ್ತ ರಣಹದ್ದುಗಳ ಒಳಾಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣದಂತೆ ಕಟ್ಟಿಕೊಂಡಿತ್ತು. ಮೂತ್ರಪಿಂಡ ಸೋತಿದ್ದ 25 ಹಕ್ಕಿಗಳನ್ನೂ, ಬೇರೆ ಕಾರಣಗಳಿಂದ ಸತ್ತ 13 ಹಕ್ಕಿಗಳನ್ನೂ ಪರೀಕ್ಷಿಸಿದಾಗ, ದನಗಳಿಗೆ ಕೊಡುವ ನೋವುನಿವಾರಕ ಡೈಕ್ಲೋಫೆನಾಕ್ ಮೊದಲಿನ ಇಪ್ಪತ್ತೈದರಲ್ಲಿಯೂ ಸಿಕ್ಕಿತು, ನಂತರದ ಹದಿಮೂರರಲ್ಲಿ ಒಂದರಲ್ಲಿಯೂ ಇರಲಿಲ್ಲ. ಆ ಹದಿಮೂರು ಹಕ್ಕಿಗಳೇ ತೀರ್ಪು ಕೊಟ್ಟವು. 2004ರಲ್ಲಿ ಈ ವರದಿ ಬಂತು, 2006ರಲ್ಲಿ ಭಾರತ ಪಶುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಅದರ ಬದಲಿಗೆ ಮೆಲಾಕ್ಸಿಕಾಮ್ ಸುರಕ್ಷಿತ ಎಂದು ತೋರಿಸಿದ್ದೂ, ಕೀಟೊಪ್ರೊಫೆನ್ ಕೂಡ ಕೊಲ್ಲುತ್ತದೆ ಎಂದು ಎಚ್ಚರಿಸಿದ್ದೂ ಸೆರೆಯಲ್ಲಿದ್ದ ರಣಹದ್ದುಗಳ ಮೇಲಿನ ಪರೀಕ್ಷೆಗಳೇ. 2023ರಲ್ಲಿ ಕೇಂದ್ರ ಸರ್ಕಾರ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ ಪಶು ಬಳಕೆಯಿಂದ ನಿಷೇಧಿಸಿತು.

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ತೋಚುವಂಥದ್ದು. ಮನುಷ್ಯರಿಗೇ ಆಸ್ಪತ್ರೆ ಸಾಲದ ಜಗತ್ತಿನಲ್ಲಿ ಶ್ರೀಮಂತರ ಡೇಗೆಗಳಿಗೆ ಶಸ್ತ್ರಚಿಕಿತ್ಸಾ ಕೊಠಡಿ, ಹವಾನಿಯಂತ್ರಿತ ಪಂಜರಗಳು ಬೇಕೇ? ಈ ಪ್ರಶ್ನೆಯ ಹಿಂದಿರುವ ನೋವು ನಿಜವಾದದ್ದು, ಅದನ್ನು ತಳ್ಳಿಹಾಕಲಾಗದು. ಆದರೆ ಮನುಷ್ಯರ ಆರೋಗ್ಯವನ್ನೂ ಹಕ್ಕಿಗಳ ಆರೋಗ್ಯವನ್ನೂ ಬೇರೆ ಬೇರೆ ಖಾತೆಗೆ ಬರೆಯುವುದರಲ್ಲೇ ತಪ್ಪಿದೆ. ರಣಹದ್ದುಗಳು ಇಲ್ಲವಾದ ಮೇಲೆ ಊರ ಹೊರಗೆ ದನದ ಹೆಣಗಳು ಕೊಳೆತು ಬಿದ್ದವು, ಬೀದಿನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು. 2000ದಿಂದ 2005ರ ನಡುವಿನ ಐದು ವರ್ಷಗಳಲ್ಲಿ ಇದರಿಂದ ಭಾರತದಲ್ಲಿ ಸುಮಾರು 5 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು 2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಅಧ್ಯಯನವೊಂದು ಅಂದಾಜು ಮಾಡಿದೆ. ಅದು ಅಂದಾಜೇ ಇರಬಹುದು, ಅಷ್ಟು ಸಾವಾಗಲಿಲ್ಲ ಎಂದು ಅರ್ಧಕ್ಕೆ ಇಳಿಸಿ ನೋಡಿ, ಕಾಲಿಗೆ ಇಳಿಸಿ ನೋಡಿ. ಒಂದು ಜಾತಿಯ ಹಕ್ಕಿ ಏಕೆ ಸಾಯುತ್ತಿದೆ ಎಂದು ಹತ್ತು ವರ್ಷ ಮೊದಲೇ ತಿಳಿದಿದ್ದರೆ ಎಷ್ಟು ಮನುಷ್ಯರು ಬದುಕುತ್ತಿದ್ದರು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಆಹಾರ ಸರಪಳಿಯ ತುದಿಯಲ್ಲಿರುವ ಜೀವಿಯ ಮೈಯಲ್ಲಿ ಕೆಳಗಿನ ಎಲ್ಲರ ವಿಷವೂ ಶೇಖರವಾಗುತ್ತದೆ. ಸೀಸವಾಗಲಿ, ಕೀಟನಾಶಕವಾಗಲಿ, ಔಷಧಿಯ ಶೇಷವಾಗಲಿ ಮೊದಲು ಎದ್ದು ಕಾಣುವುದು ಅಲ್ಲೇ. ಅದನ್ನು ಓದಬಲ್ಲವರನ್ನು ತಯಾರು ಮಾಡುವುದು ದುಂದುವೆಚ್ಚವಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಡೇಗೆಗಳ ಸಂಕಟಕ್ಕೆ ಡೇಗೆ ಸಾಕುವ ಹವ್ಯಾಸವೇ ಒಂದು ಕಾರಣ, ಆಸ್ಪತ್ರೆ ಅದಕ್ಕೆ ಹಚ್ಚಿದ ಸುಣ್ಣಬಣ್ಣ ಎನ್ನುವವರಿದ್ದಾರೆ. ಇದರಲ್ಲಿ ಸತ್ಯವಿದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಸಾಕರ್ ಡೇಗೆಗಳನ್ನು ಲಗಾಮಿಲ್ಲದೆ ಹಿಡಿದು ಕೊಲ್ಲಿಯ ಪೇಟೆಗೆ ತಂದರು. ಆ ಜಾತಿ ಇವತ್ತು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದ್ದೆಂದು ದಾಖಲಾಗಿದೆ. ಡೇಗೆಗಳು ಬೆನ್ನಟ್ಟುವ ಹೌಬಾರಾ ಹಕ್ಕಿಯ ಸ್ಥಿತಿಯೂ ಚೆನ್ನಾಗಿಲ್ಲ. 2010ರಲ್ಲಿ ಯುನೆಸ್ಕೊ ಡೇಗೆ ಪಾಲನೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಈ ನಷ್ಟ ತುಂಬಿಬರಲಿಲ್ಲ. ಅದರ ಎದುರಿಗೆ ಎಮಿರೇಟ್ಸ್ ಮಾಡಿದ್ದನ್ನೂ ಇಡಬೇಕು. ಸೆರೆಯಲ್ಲಿ ಹುಟ್ಟಿದ ಹಕ್ಕಿಗಳ ಬಳಕೆಗೆ ಒತ್ತು ಕೊಡಲಾಯಿತು, ಪಾಸ್‌ಪೋರ್ಟ್‌ನಿಂದ ಪ್ರತಿ ಹಕ್ಕಿಗೂ ಲೆಕ್ಕ ಬಂತು, ಮಂಗೋಲಿಯಾದ ಮರವಿಲ್ಲದ ಬಯಲಿನಲ್ಲಿ ಸಾಕರ್‌ಗಳಿಗೆ 5,000 ಕೃತಕ ಗೂಡುಗಳನ್ನು ನಿಲ್ಲಿಸಲಾಯಿತು. ಎಮಿರೇಟ್ಸ್‌ನ ಆಗಿನ ಅಧ್ಯಕ್ಷ ಶೇಖ್ ಜಾಯೆದ್ 1995ರಲ್ಲಿ ಆರಂಭಿಸಿದ ಯೋಜನೆಯಡಿ ಬೇಟೆಯ ಕಾಲ ಮುಗಿದ ಮೇಲೆ ಡೇಗೆಗಳನ್ನು ಅಬುಧಾಬಿಯ ಆಸ್ಪತ್ರೆಯಲ್ಲಿ ಪರೀಕ್ಷಿಸಿ ಮತ್ತೆ ಕಾಡಿಗೆ ಬಿಡುತ್ತ ಬಂದಿದ್ದಾರೆ. ಇಷ್ಟರಿಂದ ಹಳೆಯ ಲೆಕ್ಕ ಚುಕ್ತಾ ಆಯಿತೆಂದು ಹೇಳಲು ನಾನು ಸಿದ್ಧನಿಲ್ಲ. ನಾನು ಹೇಳುವುದು ಇಷ್ಟು: ಹಕ್ಕಿಯನ್ನು ಸಾಕುವುದು ಸರಿಯೇ ಎಂಬುದು ಒಂದು ಪ್ರಶ್ನೆ, ಸಾಕಿದ ಹಕ್ಕಿಗಳಿಂದ ಈಗಾಗಲೇ ದೊರೆತ ತಿಳಿವಳಿಕೆಯನ್ನು ಬಳಸಿಕೊಳ್ಳುವುದು ಸರಿಯೇ ಎಂಬುದು ಬೇರೊಂದು. ಮೊದಲನೆಯದಕ್ಕೆ ಇಲ್ಲ ಎನ್ನುವವರೂ ಎರಡನೆಯದಕ್ಕೆ ಹೌದು ಎನ್ನಬಹುದು, ಎನ್ನಬೇಕು.

ಮೂರನೆಯ ಆಕ್ಷೇಪ ಸಂರಕ್ಷಣಾ ತಜ್ಞರಿಂದಲೇ ಬರುತ್ತದೆ. ಉಳಿಯಬೇಕಾದದ್ದು ಜಾತಿ, ಒಂದೊಂದು ಹಕ್ಕಿಯ ರೆಕ್ಕೆ ಕೂಡಿಸುತ್ತ ಕೂತರೆ ಜಾತಿ ಉಳಿಯುವುದಿಲ್ಲ, ಆ ಹಣದಲ್ಲಿ ನೆಲೆ ಉಳಿಸಿ ಎನ್ನುತ್ತಾರೆ. ಎಣಿಕೆಯ ಮಟ್ಟಿಗೆ ಅವರ ಮಾತು ಒಪ್ಪತಕ್ಕದ್ದೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1974ರಲ್ಲಿ ಆರಂಭವಾದ ರ‍್ಯಾಪ್ಟರ್ ಸೆಂಟರ್‌ಗೆ ವರ್ಷಕ್ಕೆ ಸುಮಾರು 1,000 ಬೇಟೆಹಕ್ಕಿಗಳು ಬರುತ್ತವೆ. ಅವಷ್ಟೂ ಬದುಕಿದರೂ ಖಂಡದ ಲೆಕ್ಕದಲ್ಲಿ ಅದು ದೊಡ್ಡ ಸಂಖ್ಯೆಯಲ್ಲ. ಆದರೆ ಅಲ್ಲಿಗೆ ಬಂದ ಬೋಳು ಹದ್ದುಗಳ ರಕ್ತದಲ್ಲಿ ವರ್ಷ ವರ್ಷವೂ ಸೀಸ ಅಳೆದು ಬರೆದಿಟ್ಟದ್ದರಿಂದ, ಬೇಟೆಗಾರರ ಗುಂಡಿನ ಸೀಸ ಹದ್ದುಗಳನ್ನು ಹೇಗೆ ಕೊಲ್ಲುತ್ತದೆ ಎಂಬುದಕ್ಕೆ ಅಲ್ಲಗಳೆಯಲಾಗದ ಸಾಕ್ಷ್ಯ ಸಿಕ್ಕಿತು. ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಗುಂಡುಗಳನ್ನು 1991ರಲ್ಲಿ ಅಮೆರಿಕ ದೇಶದುದ್ದಕ್ಕೂ ನಿಷೇಧಿಸಿತು. ಒಂದು ಹಕ್ಕಿಯ ಚಿಕಿತ್ಸೆಯಿಂದ ಉಳಿಯುವುದು ಒಂದು ಹಕ್ಕಿ, ಅದರ ಕಡತ ಜೋಪಾನವಾಗಿದ್ದರೆ ಉಳಿಯುವುದು ನೂರಾರು. ನೆಲೆ ಉಳಿಸಿದರೂ ಅಲ್ಲಿಗೆ ವಿಷ ಬರುತ್ತಿದೆಯೇ ಎಂದು ತಿಳಿಯುವ ಬಗೆ ಬೇಡವೇ? ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದ್ದು ಸ್ವಾಗತಾರ್ಹ. ಆದರೆ ಧಾಮದ ಗಡಿಯಾಚೆ ಬಿದ್ದ ದನದ ಹೆಣದಲ್ಲಿ ಯಾವ ಔಷಧಿಯಿತ್ತು ಎಂಬುದನ್ನು ಗಡಿಕಲ್ಲು ಹೇಳುವುದಿಲ್ಲ.

ನಮ್ಮ ದೇಶದ ಸ್ಥಿತಿ ಈ ಬೆಳಕಿನಲ್ಲಿ ನೋಡಿದರೆ ಹೇಗಿದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಹಕ್ಕಿಗಳನ್ನು ಹಿಡಿದು ಸಾಕುವ ಹಾಗಿಲ್ಲ. ಅದು ಹಾಗೆಯೇ ಇರಬೇಕು. ಹೀಗಾಗಿ ನಮ್ಮಲ್ಲಿ ಆಸ್ಪತ್ರೆ ಸೇರುವ ಬೇಟೆಹಕ್ಕಿ ಎಂದರೆ ಗಾಯಗೊಂಡ ಹದ್ದು, ಅದರಲ್ಲೂ ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದು. ದೆಹಲಿಯ ಮೊಹಮ್ಮದ್ ಸವೂದ್, ನದೀಂ ಶಹಜಾದ್ ಸಹೋದರರು ಮನೆಯ ನೆಲಮಾಳಿಗೆಯಲ್ಲಿ ಇಂಥ ಸಾವಿರಾರು ಹದ್ದುಗಳಿಗೆ ಚಿಕಿತ್ಸೆ ಮಾಡಿದ್ದನ್ನು 2022ರ ಆಲ್ ದಟ್ ಬ್ರೀದ್ಸ್ ಸಾಕ್ಷ್ಯಚಿತ್ರ ಜಗತ್ತಿಗೆ ತೋರಿಸಿತು. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ, ಏವಿಯನ್ ಅಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್‌ಗಳಂಥ ಸಂಸ್ಥೆಗಳು ಈ ಕೆಲಸ ಮಾಡುತ್ತಿವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದ್ದರೂ ಅದು ಪೇಟೆಯಿಂದ ಹೋಗಿಲ್ಲ, ಗಾಯಾಳುಗಳ ಸಾಲು ನಿಂತಿಲ್ಲ. ಈ ಜನರ ಶ್ರಮಕ್ಕೆ ತಲೆಬಾಗಬೇಕು. ಆದರೆ ಅವರ ಕೈಗೆ ಬರುವುದೆಲ್ಲ ಮುರಿದ ಹಕ್ಕಿಗಳೇ. ಜರೂರು ಎಷ್ಟಿರುತ್ತದೆ ಎಂದರೆ ಪ್ರಾಣ ಉಳಿಸುವುದರಲ್ಲೇ ದಿನ ಕಳೆಯುತ್ತದೆ, ಲೆಕ್ಕ ಬರೆಯುವ ಕೈ ಮಿಗುವುದಿಲ್ಲ.

ಡೇಗೆ ಸಾಕದ ದೇಶ ರೋಗವಿಲ್ಲದ ಹಕ್ಕಿಯ ಲೆಕ್ಕವನ್ನು ಎಲ್ಲಿಂದ ತರಬೇಕು ಎಂದು ಕೇಳಬಹುದು. ದಾರಿಗಳಿವೆ. ಗುಣವಾಗಿ ಹಾರಲು ಸಿದ್ಧವಾದ ಪ್ರತಿ ಹದ್ದೂ ಬಿಡುಗಡೆಯ ಹಿಂದಿನ ದಿನ ಒಂದು ಆರೋಗ್ಯವಂತ ಹಕ್ಕಿಯೇ. ಆ ದಿನ ಅದನ್ನು ತೂಗಿ, ರಕ್ತ ಪರೀಕ್ಷಿಸಿ, ಕಾಲಿಗೆ ಉಂಗುರ ಹಾಕಿ ಬರೆದಿಟ್ಟುಕೊಂಡರೆ, ಕೆಲವೇ ವರ್ಷಗಳಲ್ಲಿ ನಮ್ಮ ಕರಿಹದ್ದು, ಗರುಡ, ಗೂಬೆಗಳ ಸಹಜ ಅಳತೆಗಳ ಕೋಷ್ಟಕ ಸಿದ್ಧವಾಗುತ್ತದೆ. ಮೃಗಾಲಯಗಳಲ್ಲಿ ಬೇಟೆಹಕ್ಕಿಗಳಿವೆ. ರಣಹದ್ದುಗಳಿಗಾಗಿ 2001ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಆರಂಭವಾಗಿ ಆಮೇಲೆ ಸಂತಾನೋತ್ಪತ್ತಿ ಕೇಂದ್ರವಾಗಿ ಬೆಳೆದ ಸಂಸ್ಥೆಯಲ್ಲಿ ಇಂಥ ಎಚ್ಚರಿಕೆಯ ಪಾಲನೆಯ ಅನುಭವವಿದೆ. ಬದುಕಲಾರದೆ ಸತ್ತ ಹಕ್ಕಿಯ ಮರಣೋತ್ತರ ಪರೀಕ್ಷೆಯೂ, ಕಾರಣ ಏನೇ ಇರಲಿ, ಎಲ್ಲರೂ ನೋಡಬಹುದಾದ ಒಂದೇ ದಾಖಲೆಗೆ ಸೇರಬೇಕು. ಓಕ್ಸ್ ಅವರ ತನಿಖೆಯ ಹದಿಮೂರು ಹಕ್ಕಿಗಳ ಪಾಠ ಅದು. ನಮ್ಮ ಪಶುವೈದ್ಯಕೀಯ ಕಾಲೇಜುಗಳ ಪಾಠದಲ್ಲಿ ಹಕ್ಕಿ ಎಂದರೆ ಮುಖ್ಯವಾಗಿ ಕೋಳಿ. ಬೀದರ, ಹೆಬ್ಬಾಳ, ಶಿವಮೊಗ್ಗ, ಹಾಸನದ ಕಾಲೇಜುಗಳ ಕೆಲವೇ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹದ್ದಿನ ಆಸ್ಪತ್ರೆಗಳಲ್ಲಿ ತರಬೇತಿ ಸಿಕ್ಕರೂ ಸಾಕು, ಎದೆ ಬಿಗಿಹಿಡಿದರೆ ಹಕ್ಕಿ ಸಾಯುತ್ತದೆ ಎಂಬುದು ತಿಳಿದ ಒಬ್ಬ ವೈದ್ಯರಾದರೂ ಜಿಲ್ಲೆಗೊಬ್ಬರಂತೆ ಇರುತ್ತಾರೆ.

ಅಬುಧಾಬಿಯ ಆಸ್ಪತ್ರೆಗೆ ಹೋದವರು ಅಲ್ಲಿನ ಹಣಬಲ ಕಂಡು ಬೆರಗಾಗುವುದು ಸಹಜ. ಹಣ ನಮ್ಮಿಂದ ಹೊಂದಿಸಲಾಗದ್ದಿರಬಹುದು. ಆದರೆ ಆ ಆಸ್ಪತ್ರೆಯ ಜೀವಾಳವಾದ ಶಿಸ್ತಿಗೆ ಹೆಚ್ಚು ಹಣ ಬೇಕಿಲ್ಲ. ಒಂದು ತಕ್ಕಡಿ, ಒಂದು ಸೂಕ್ಷ್ಮದರ್ಶಕ, ರಕ್ತ ಪರೀಕ್ಷೆಯ ಸೌಲಭ್ಯ, ಒಂದೇ ನಮೂನೆಯ ಕಡತ, ಅದನ್ನು ಹತ್ತು ವರ್ಷ ತಪ್ಪದೆ ತುಂಬುವ ಮನಸ್ಸು. ಕರ್ನಾಟಕದ ಅರಣ್ಯ ಇಲಾಖೆ, ಪಶುವೈದ್ಯಕೀಯ ವಿಶ್ವವಿದ್ಯಾಲಯ, ಹಕ್ಕಿ ರಕ್ಷಣೆಯ ಸಂಸ್ಥೆಗಳು ಕೂಡಿ ಕೂತು ಈ ನಮೂನೆಯನ್ನು ಒಪ್ಪಿಕೊಂಡರೆ ಕೆಲಸ ನಾಳೆಯೇ ಶುರುವಾಗಬಹುದು. ಡೈಕ್ಲೋಫೆನಾಕ್‌ನ ವಿಷಯದಲ್ಲಿ ನಾವು ತಿಳಿದುಕೊಳ್ಳುವ ಹೊತ್ತಿಗೆ ನೂರಕ್ಕೆ ತೊಂಬತ್ತೊಂಬತ್ತು ಬಿಳಿಬೆನ್ನಿನ ರಣಹದ್ದುಗಳು ಹೋಗಿದ್ದವು. ಮುಂದೆ ಬರುವ ಔಷಧಿಯೋ ಕೀಟನಾಶಕವೋ ಯಾವುದೆಂದು ಯಾರಿಗೂ ಗೊತ್ತಿಲ್ಲ. ಅದು ಬರುತ್ತದೆ ಎಂಬುದಂತೂ ಖಂಡಿತ. ಅದನ್ನು ಮೊದಲ ವರ್ಷದಲ್ಲೇ ಗುರುತಿಸಬೇಕಾದರೆ ಹದ್ದುಗಳು ಚೆನ್ನಾಗಿ ಹಾರುತ್ತಿರುವ ಈ ದಿನಗಳಲ್ಲಿಯೇ ಲೆಕ್ಕ ಬರೆಯಲು ಆರಂಭಿಸಬೇಕು.